ತಾಳಿಕೆಯ ಶಾಸ್ತ್ರ: ಮನುಷ್ಯ ಮತ್ತು ಪ್ರಕೃತಿಯ ಸಹಬಾಳುವೆಯನ್ನು ಕುರಿತ ಸಂಶೋಧನೆಗಳು

ಒಂದು ಕಾಡು ನೂರಾರು ವರ್ಷ ಕಾಡಾಗಿಯೇ ಉಳಿಯುವುದಕ್ಕೂ, ಒಂದು ಕೆರೆ ಹತ್ತಾರು ತಲೆಮಾರುಗಳಿಗೆ ನೀರೂಡಿಸುವುದಕ್ಕೂ, ಒಂದು ಊರು ಬರಗಾಲಗಳನ್ನೂ ನೆರೆಗಳನ್ನೂ ದಾಟಿ ಊರಾಗಿಯೇ ಬಾಳುವುದಕ್ಕೂ ಕಾರಣವೇನು? ಹಾಗೆಯೇ, ಮೇಲುನೋಟಕ್ಕೆ ಸುಭದ್ರವಾಗಿ ತೋರುತ್ತಿದ್ದ ಅರಣ್ಯವೋ ಸರೋವರವೋ ಗ್ರಾಮವೋ ಕೆಲವೇ ವರ್ಷಗಳಲ್ಲಿ ಮತ್ತೆ ಮೊದಲಿನಂತಾಗಲಾರದಷ್ಟು ಕೆಟ್ಟುಹೋಗುವುದಕ್ಕೆ ಕಾರಣವೇನು? ಈ ಎರಡನ್ನೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ಬಗೆದು, ಜೀವಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಗಡಿಗಳನ್ನು ದಾಟಿ ಉತ್ತರವನ್ನರಸುವ ಸಂಶೋಧನೆಯೊಂದು ಕಳೆದ ಅರ್ಧಶತಮಾನದಲ್ಲಿ ಬೆಳೆದು ಬಂದಿದೆ. ಅದರ ಮುಖ್ಯ ಸಿದ್ಧಾಂತಗಳನ್ನೂ, ಆ ಸಿದ್ಧಾಂತಗಳಿಗೆ ಆಧಾರವಾದ ನಿದರ್ಶನಗಳನ್ನೂ, ಅವುಗಳ ಮೇಲೆ ಬಂದಿರುವ ಆಕ್ಷೇಪಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಈ ಸಂಶೋಧನೆ ಎರಡು ಮೂಲಗಳಿಂದ ಹೊರಟಿತೆನ್ನಬಹುದು. ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು 1987ರಲ್ಲಿ ಸಲ್ಲಿಸಿದ ವರದಿ, ಇಂದಿನವರ ಅಗತ್ಯಗಳು ಮುಂದಿನವರ ಪಾಲನ್ನು ಕಸಿಯಬಾರದೆಂಬ ತತ್ತ್ವವನ್ನು ರಾಷ್ಟ್ರಗಳ ಮುಂದಿರಿಸಿ ಸುಸ್ಥಿರತೆಯ ಚರ್ಚೆಗೆ ನೆಲೆಗಟ್ಟನ್ನು ಹಾಕಿತು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಗುರಿಗಳು ಆ ತತ್ತ್ವದ ವಿಸ್ತಾರವೇ. ಸುಸ್ಥಿರತೆಯ ಪ್ರಶ್ನೆ ಬಹುಮಟ್ಟಿಗೆ ಧರ್ಮದ ಪ್ರಶ್ನೆ: ಯಾವುದನ್ನು ಯಾರಿಗಾಗಿ ಉಳಿಸಬೇಕು ಎಂಬುದು. ಇದಕ್ಕೆ ಮುಂಚೆಯೇ ಜೀವವಿಜ್ಞಾನಿಗಳ ನಡುವೆ ಮೊಳೆತ ತಾಳಿಕೆಯ ಪ್ರಶ್ನೆಯಾದರೋ ವಸ್ತುಸ್ಥಿತಿಯ ಪ್ರಶ್ನೆ: ಆಘಾತಕ್ಕೆ ಸಿಕ್ಕಿದ ಜೀವಸಮುದಾಯ ಯಾವ ಬಲದಿಂದ ತನ್ನ ಸ್ವರೂಪವನ್ನು ಉಳಿಸಿಕೊಳ್ಳುತ್ತದೆ, ಆ ಬಲ ಎಲ್ಲಿ ಕುಂದುತ್ತದೆ ಎಂಬುದು. ಧರ್ಮದ ಪ್ರಶ್ನೆಗೆ ವಸ್ತುಸ್ಥಿತಿಯ ಜ್ಞಾನ ಬೇಕು. ವಸ್ತುಸ್ಥಿತಿಯ ಜ್ಞಾನಕ್ಕೆ ಧರ್ಮದ ದಿಕ್ಕು ಬೇಕು. ಎರಡು ಧಾರೆಗಳೂ ಕೂಡಿ ಹರಿದುದು ಈ ಕಾರಣದಿಂದಲೇ.

ಕೆನಡಾದ ಜೀವವಿಜ್ಞಾನಿ ಸಿ. ಎಸ್. ಹಾಲಿಂಗ್ 1973ರಲ್ಲಿ ಪ್ರಕಟಿಸಿದ ಪ್ರಬಂಧ ತಾಳಿಕೆಯ ಶಾಸ್ತ್ರದ ಆದಿಗ್ರಂಥವೆಂದು ಎಣಿಕೆಗೊಂಡಿದೆ. ಅಲುಗಾಡದೆ ಒಂದೇ ಸ್ಥಿತಿಯಲ್ಲಿ ನಿಲ್ಲುವುದು ಬೇರೆ, ಅಲುಗಾಡುತ್ತಲೇ ಬಾಳಿ ಉಳಿಯುವುದು ಬೇರೆ ಎಂಬುದು ಅವರ ಮುಖ್ಯ ವಿಚಾರ. ಇದಕ್ಕೆ ಅವರು ಕೊಟ್ಟ ನಿದರ್ಶನ ಪೂರ್ವ ಕೆನಡಾದ ಸೂಚಿಪರ್ಣ ಅರಣ್ಯಗಳನ್ನು ಪೀಡಿಸುವ ಸ್ಪ್ರೂಸ್ ಮೊಗ್ಗುಹುಳುವಿನದು. ಮರಗಳು ಎಳೆಯವಾಗಿರುವಾಗ ಎಲೆ ವಿರಳವಾಗಿದ್ದು, ಹಕ್ಕಿಗಳು ಹುಳುಗಳನ್ನು ಸುಲಭವಾಗಿ ಹುಡುಕಿ ತಿನ್ನುತ್ತವೆ. ಮರಗಳು ಬಲಿತು ಎಲೆ ದಟ್ಟವಾದಂತೆ ಹಕ್ಕಿಗಳಿಗೆ ಹುಳು ಸಿಕ್ಕುವುದು ದುಸ್ತರವಾಗಿ, ಸುಮಾರು 35-40 ವರ್ಷಗಳಿಗೊಮ್ಮೆ ಹುಳುಗಳ ಮಹಾಪೂರವೆದ್ದು ಬಲಿತ ಬಾಲ್ಸಮ್ ಫರ್ ಮರಗಳು ಸಾಯುತ್ತವೆ. ಆ ತೆರಪಿನಲ್ಲಿ ಸ್ಪ್ರೂಸ್, ಬರ್ಚ್ ಮುಂತಾದ ಇತರ ಸಸಿಗಳೂ ತಲೆಯೆತ್ತಿ ಕಾಡು ತನ್ನ ವೈವಿಧ್ಯವನ್ನು ಕಾಪಾಡಿಕೊಳ್ಳುತ್ತದೆ. ಮರದ ನಷ್ಟವನ್ನು ತಪ್ಪಿಸಬೇಕೆಂದು ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ 1952ರಿಂದ ವಿಮಾನಗಳ ಮೂಲಕ ಕೀಟನಾಶಕವನ್ನು ಸಿಂಪಡಿಸಿದರು. ಮರಗಳು ಉಳಿದವು; ಆದರೆ ಬಲಿತ ಎಲೆಯ ರಾಶಿ ಎಲ್ಲೆಡೆಯೂ ಉಳಿದುದರಿಂದ ಹುಳುವಿಗೆ ಆಹಾರವೂ ಎಲ್ಲೆಡೆಯೂ ಉಳಿಯಿತು; ಸಿಂಪಡಣೆಯನ್ನು ನಿಲ್ಲಿಸಿದರೆ ಹಿಂದೆಂದೂ ಕಾಣದ ವಿಸ್ತಾರದಲ್ಲಿ ಹಾವಳಿಯೇಳಬಲ್ಲ ಕಾಡು ನಿರ್ಮಾಣವಾಯಿತು. ಸಣ್ಣ ಕ್ಷೋಭೆಗಳನ್ನು ಬಲವಂತವಾಗಿ ಅಡಗಿಸುವುದರಿಂದ ದೊಡ್ಡ ಕ್ಷೋಭೆಯ ಸಾಮಗ್ರಿ ಸಂಚಯವಾಗುತ್ತದೆ ಎಂಬ ಈ ಒಂದು ತಿಳಿವು, ಮುಂದಿನ ಸಂಶೋಧನೆಗಳಲ್ಲೆಲ್ಲ ಬೇರೆಬೇರೆ ರೂಪದಲ್ಲಿ ಮರಳಿ ಮರಳಿ ಸಾಕ್ಷಿ ಪಡೆದಿದೆ.

ಹಾಲಿಂಗ್ ಅವರ ವಿಚಾರವನ್ನು ನೀರಿಗೆ ಅನ್ವಯಿಸಿದವರಲ್ಲಿ ಹಾಲೆಂಡಿನ ಮಾರ್ಟೆನ್ ಷೆಫರ್ ಪ್ರಮುಖರು. ಆಳವಿಲ್ಲದ ಸರೋವರಗಳಿಗೆ ಎರಡು ಸ್ಥಿತಿಗಳುಂಟೆಂದೂ, ಜಲಸಸ್ಯಗಳು ತಳವನ್ನು ಹಿಡಿದು ನೀರು ತಿಳಿಯಾಗಿರುವುದು ಒಂದು, ಪಾಚಿ ತುಂಬಿ ಬೆಳಕು ತಳಕ್ಕಿಳಿಯದೆ ನೀರು ಕಲಕಿರುವುದು ಇನ್ನೊಂದೆಂದೂ ಅವರು ತೋರಿಸಿದರು. ಹೊರಗಿನಿಂದ ಬರುವ ರಂಜಕ ಒಂದು ಮಿತಿಯನ್ನು ದಾಟಿದೊಡನೆ ತಿಳಿನೀರು ಥಟ್ಟನೆ ಕಲಕುನೀರಾಗುತ್ತದೆ. ಅನಂತರ ರಂಜಕವನ್ನು ಅದೇ ಮಿತಿಗೆ ಇಳಿಸಿದರೂ, ತಳದ ಹೂಳಿನಲ್ಲಿ ಶೇಖರವಾದುದು ಮತ್ತೆ ಮತ್ತೆ ನೀರಿಗೆ ಸೇರುತ್ತಲೇ ಇರುವುದರಿಂದ, ಸರೋವರ ಬಂದ ದಾರಿಯಲ್ಲಿ ಹಿಂದಿರುಗುವುದಿಲ್ಲ. 2015ರಿಂದೀಚೆಗೆ ನೊರೆಗೂ ಬೆಂಕಿಗೂ ಹೆಸರಾದ ಬೆಂಗಳೂರಿನ ಬೆಳ್ಳಂದೂರು ಕೆರೆಯ ಪುನರುದ್ಧಾರ ಎಷ್ಟು ದುಸ್ಸಾಧ್ಯವೆಂಬುದನ್ನು ಗ್ರಹಿಸಲು ಈ ಸಿದ್ಧಾಂತ ಸಾಕು: ನಗರದ ಕೊಳಚೆಯನ್ನು ಇಂದೇ ತಡೆದರೂ ದಶಕಗಳ ಕೊಳಚೆ ಕೆರೆಯ ತಳದಲ್ಲಿ ಉಳಿದೇ ಇರುತ್ತದೆ. ಕೆಡಿಸುವುದಕ್ಕೆ ಹಿಡಿದ ಶ್ರಮಕ್ಕಿಂತ ಸರಿಪಡಿಸುವುದಕ್ಕೆ ಹಿಡಿಯುವ ಶ್ರಮ ಹಲವು ಪಾಲು ಹೆಚ್ಚು ಎಂಬುದು ನೀತಿವಾಕ್ಯ ಮಾತ್ರವಲ್ಲ, ಅಳೆದು ತಿಳಿದ ಸತ್ಯವೂ ಹೌದು.

ಮಿತಿಯನ್ನು ದಾಟುವ ಮೊದಲು ತಡೆದು ನಿಲ್ಲಿಸುವ ಶಕ್ತಿ ಯಾವುದರಲ್ಲಿದೆ? ಈ ಪ್ರಶ್ನೆಗೆ ಜಮೈಕಾ ದ್ವೀಪದ ಹವಳದ ದಿಬ್ಬಗಳು ದುಃಖಕರವಾದ ಉತ್ತರವನ್ನು ಕೊಟ್ಟಿವೆ. ಹವಳದ ಮೇಲೆ ಬೆಳೆಯುವ ಪಾಚಿಯನ್ನು ಮೇಯುವ ಕೆಲಸವನ್ನು ಹಿಂದೆ ನಾನಾ ಜಾತಿಯ ಮೀನುಗಳು ಮಾಡುತ್ತಿದ್ದುವು. ಅತಿಯಾದ ಮೀನುಗಾರಿಕೆಯಿಂದ ಅವು ಕ್ಷೀಣಿಸಿದ ಮೇಲೆ ಆ ಕೆಲಸವೆಲ್ಲ ಕಡಲಚಿಳ್ಳೆ (ಸೀ ಅರ್ಚಿನ್) ಎಂಬ ಕಪ್ಪು ಮುಳ್ಳಿನ ಕಡಲಜೀವಿಯೊಂದರ ಪಾಲಿಗೆ ಬಂದಿತು. ಹವಳ ಆಗಲೂ ಸೊಂಪಾಗಿಯೇ ಇದ್ದುದರಿಂದ ಯಾರಿಗೂ ಅಪಾಯ ಕಾಣಿಸಲಿಲ್ಲ. 1980ರ ಅಲೆನ್ ಚಂಡಮಾರುತ ಹವಳವನ್ನು ಮುರಿಯಿತು; 1983-84ರಲ್ಲಿ ರೋಗವೊಂದು ಆ ಮುಳ್ಳುಜೀವಿಯನ್ನು ಬಹುತೇಕ ನಿರ್ಮೂಲಗೊಳಿಸಿತು; ಮೇಯುವವರಿಲ್ಲದೆ ಪಾಚಿ ಹಬ್ಬಿತು. 1970ರ ದಶಕದ ಕೊನೆಯಲ್ಲಿ ದಿಬ್ಬದ ಅರ್ಧಕ್ಕೂ ಮಿಗಿಲಾಗಿ ಹರಡಿದ್ದ ಹವಳ 1990ರ ದಶಕದ ಮೊದಲಿನಲ್ಲಿ ಶೇಕಡಾ 5ಕ್ಕಿಂತ ಕಡಿಮೆಗೆ ಇಳಿದಿದ್ದಿತು. ಒಂದು ಕೆಲಸವನ್ನು ಹಲವರು ಹಂಚಿಕೊಂಡಿರುವುದು, ಅದರಲ್ಲಿಯೂ ಒಬ್ಬೊಬ್ಬರು ಒಂದೊಂದು ಬಗೆಯ ಆಪತ್ತಿಗೆ ಅಂಜದವರಾಗಿರುವುದು, ಇದುವೇ ತಾಳಿಕೆಯ ಬೇರು.

ಬಯಲುಸೀಮೆಯ ರೈತರಿಗೆ ಈ ತತ್ತ್ವ ಹೊಸದಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳಾಗಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳಗಳನ್ನು ಬಿತ್ತುವಾಗ, ಮುಂಗಾರು ಕೈಕೊಟ್ಟರೆ ಒಂದು, ಹಿಂಗಾರು ಕೈಕೊಟ್ಟರೆ ಇನ್ನೊಂದು, ಹುಳು ಬಿದ್ದರೆ ಮತ್ತೊಂದು ಕೈಹಿಡಿಯಲೆಂಬ ಲೆಕ್ಕಾಚಾರ ಅಲ್ಲಿದೆ. ಯಾವ ವರ್ಷವೂ ಅತ್ಯಧಿಕ ಇಳುವರಿ ಬಾರದಿರಬಹುದು. ಆದರೆ ಮನೆಯ ಕಣಜ ಪೂರ್ತಿ ಬರಿದಾಗುವ ವರ್ಷವೂ ವಿರಳ. ಒಂದೇ ಬೆಳೆಯ ಗರಿಷ್ಠ ಲಾಭವನ್ನು ಬೆನ್ನಟ್ಟುವ ಕೃಷಿಯೂ ಮೊಗ್ಗುಹುಳುವಿಲ್ಲದ ಅರಣ್ಯವನ್ನು ಬಯಸಿದ ಆಡಳಿತವೂ ಒಂದೇ ತಪ್ಪೆಣಿಕೆಯ ಎರಡು ಉದಾಹರಣೆಗಳು.

ಇಷ್ಟರವರೆಗಿನ ಮಾತು ಬಹುಮಟ್ಟಿಗೆ ಪ್ರಕೃತಿಯದಾಯಿತು. ಮನುಷ್ಯನು ಇದರಲ್ಲಿ ಹೊರಗಿನ ಶತ್ರುವೋ ಒಳಗಿನ ಬಂಧುವೋ ಎಂಬ ವಾದ 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಬಂಧದಿಂದ ತೀಕ್ಷ್ಣವಾಯಿತು. ಎಲ್ಲರಿಗೂ ಸೇರಿದ ಗೋಮಾಳವನ್ನು ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಮೇಯಿಸಿ ಹಾಳುಮಾಡುವುದು ಅನಿವಾರ್ಯ, ಆದಕಾರಣ ಅದು ಖಾಸಗಿಯವರದೋ ಸರ್ಕಾರದ್ದೋ ಆಗಲೇಬೇಕು ಎಂಬುದು ಆ ಪ್ರಬಂಧದ ಸಾರ. ಇದಕ್ಕೆ ಪ್ರತ್ಯುತ್ತರವನ್ನು ಊರೂರಿನ ಸಾಕ್ಷಿಗಳಿಂದ ಕಟ್ಟಿದವರು ಅಮೆರಿಕದ ಎಲಿನಾರ್ ಆಸ್ಟ್ರಮ್. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಗ್ರಾಮದಲ್ಲಿ, ಚಳಿಗಾಲವಿಡೀ ತನ್ನ ಮೇವಿನಿಂದ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಗೆಯಲ್ಲಿ ಸಾಮೂಹಿಕ ಬೆಟ್ಟಕ್ಕೆ ಅಟ್ಟಬಹುದೆಂಬ ನಿಯಮ 1517ರಷ್ಟು ಹಿಂದೆಯೇ ಲಿಖಿತವಾಗಿತ್ತು. ಸ್ಪೇನಿನ ವೇಲೆನ್ಸಿಯಾದಲ್ಲಿ ನೀರಿನ ವ್ಯಾಜ್ಯಗಳನ್ನು ರೈತರೇ ಆರಿಸಿದ ನ್ಯಾಯಪೀಠ ಗುರುವಾರ ಗುರುವಾರವೂ ಇಗರ್ಜಿಯ ಬಾಗಿಲಲ್ಲಿ ಕುಳಿತು ಇತ್ಯರ್ಥಪಡಿಸುತ್ತದೆ. ಇಂಥ ಹಲವು ನಿದರ್ಶನಗಳಿಂದ ಆಸ್ಟ್ರಮ್ 1990ರಲ್ಲಿ ಎಂಟು ಸೂತ್ರಗಳನ್ನು ಹೊರತೆಗೆದರು: ಪಾಲುದಾರರು ಯಾರೆಂಬುದು ಸ್ಪಷ್ಟವಿರಬೇಕು, ನಿಯಮ ಆ ಸ್ಥಳಕ್ಕೆ ಒಪ್ಪುವಂತಿರಬೇಕು, ನಿಯಮಕ್ಕೆ ಒಳಗಾಗುವವರಿಗೆ ನಿಯಮ ರಚನೆಯಲ್ಲಿ ಕೈಯಿರಬೇಕು, ಮೇಲ್ವಿಚಾರಕರು ಊರವರಿಗೆ ಉತ್ತರ ಹೇಳುವವರಾಗಿರಬೇಕು, ದಂಡನೆ ತಪ್ಪಿಗೆ ತಕ್ಕಂತೆ ಮೆಲ್ಲಮೆಲ್ಲನೆ ಏರಬೇಕು, ಇತ್ಯಾದಿ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಪಡೆದ ಮೊದಲ ಮಹಿಳೆ ಅವರು.

ಆಸ್ಟ್ರಮ್ ಮತ್ತು ಅವರ ಸಹೋದ್ಯೋಗಿಗಳು ನೇಪಾಳದ ಕಾಲುವೆಗಳಲ್ಲಿ ಕಂಡ ಸಂಗತಿಯೊಂದು ಇಲ್ಲಿ ವಿಶೇಷವಾಗಿ ಗಮನಾರ್ಹ. ಕಲ್ಲು, ಮಣ್ಣು, ಸೊಪ್ಪುಸದೆಗಳಿಂದ ಕಟ್ಟಿದ ಒಡ್ಡು ಪ್ರತಿ ಮಳೆಗಾಲದಲ್ಲಿಯೂ ಕೊಚ್ಚಿಹೋಗುತ್ತಿದ್ದುದರಿಂದ, ಕಾಲುವೆಯ ಮೇಲುಭಾಗದ ರೈತರಿಗೆ ಕೊನೆಯ ಭಾಗದವರ ದುಡಿಮೆ ಬೇಕೇ ಬೇಕಿತ್ತು. ಆ ದುಡಿಮೆಯ ಬೆಲೆಯಾಗಿ ಕೊನೆಯವರಿಗೂ ನೀರು ಮುಟ್ಟುತ್ತಿತ್ತು. ಸರ್ಕಾರ ಕಾಂಕ್ರೀಟಿನ ಭದ್ರವಾದ ಒಡ್ಡನ್ನು ಕಟ್ಟಿಕೊಟ್ಟ ಕಡೆಗಳಲ್ಲಿ ಒಡ್ಡು ನಿಂತಿತು, ಸಹಕಾರ ಕುಸಿಯಿತು: ಮೇಲಿನವರಿಗೆ ಕೆಳಗಿನವರ ಹಂಗು ಉಳಿಯಲಿಲ್ಲ. ವರ್ಷವರ್ಷವೂ ಮುರಿಯುತ್ತಿದ್ದ ಒಡ್ಡೇ ಊರನ್ನು ಒಂದಾಗಿ ಹಿಡಿದಿದ್ದಿತು. ಪ್ರಕೃತಿಯ ಸಣ್ಣ ಕ್ಷೋಭೆಗಳಿಗೆ ಅರಣ್ಯದಲ್ಲಿರುವ ಪ್ರಯೋಜನವೇ ಸಮಾಜದಲ್ಲಿಯೂ ಉಂಟೆಂಬುದು ಇದರಿಂದ ಸಿದ್ಧವಾಗುತ್ತದೆ.

ಕರ್ನಾಟಕದ 36,000ಕ್ಕೂ ಮಿಗಿಲಾದ ಕೆರೆಗಳ ಚರಿತ್ರೆಯನ್ನು ಈ ಬೆಳಕಿನಲ್ಲಿಯೇ ಓದಬೇಕು. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆಯನ್ನು ತುಂಬುವ ಸರಪಳಿಯಂತೆ ನೆಲವೆಲ್ಲ ಕೆರೆಯಾಗಿದ್ದುದನ್ನು ಕಂಡು, ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಇನ್ನೊಂದು ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂದು 1860ರ ದಶಕದಲ್ಲಿ ಅಭಿಪ್ರಾಯಪಟ್ಟಿದ್ದರು. ಈ ವಿದ್ಯೆ ಎಷ್ಟು ಪಕ್ವವಾಗಿತ್ತೆಂಬುದಕ್ಕೆ ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರನು ಇಂದಿನ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರಲ್ಲಿ ಹಾಕಿಸಿದ ಶಾಸನ ಸಾಕ್ಷಿ. ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಅದಕ್ಕೆ ತಗಲಬಹುದಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಮಣ್ಣು ಚೌಳಾಗಿರುವುದು, ಕೆರೆಯ ನಡುವೆ ನೆಲ ಉಬ್ಬಿರುವುದು ದೋಷಗಳಾಗಿರುವಂತೆಯೇ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ, ನೀರು ಅಲ್ಪವಾಗಿ ನೆಲ ವಿಸ್ತಾರವಾಗಿರುವುದೂ ಆ ಪಟ್ಟಿಯಲ್ಲಿ ದೋಷಗಳೇ. ಮಣ್ಣಿನ ಗುಣವನ್ನೂ ಅಧಿಕಾರದ ಗಡಿಯನ್ನೂ ಒಂದೇ ಪಟ್ಟಿಯಲ್ಲಿ ಎಣಿಸಿದ ಆ ದೃಷ್ಟಿ, ಪ್ರಕೃತಿ ಮತ್ತು ಸಮಾಜ ಒಂದೇ ವ್ಯವಸ್ಥೆಯೆಂದು ಇಂದಿನ ಸಂಶೋಧಕರು ಹೇಳುವುದಕ್ಕೆ ಆರು ಶತಮಾನಗಳ ಹಿಂದಿನದು.

ಕೆರೆಯ ದಿನದಿನದ ಬಾಳನ್ನು ನಡೆಸುತ್ತಿದ್ದವನು ನೀರುಗಂಟಿ. ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಏರಿಯ ಯಾವ ಮೈಯಲ್ಲಿ ಹೆಗ್ಗಣ ಬಿಲ ತೋಡಿದೆ ಎಂಬುದು ಅವನಿಗೆ ಗೊತ್ತಿತ್ತು. ಸುಗ್ಗಿಯಲ್ಲಿ ಕಣದ ಕಾಳಿನಲ್ಲಿ ಅವನಿಗೆ ಪಾಲಿತ್ತು. ಮಳೆ ಕಡಿಮೆಯಾದ ವರ್ಷ ಅಚ್ಚುಕಟ್ಟನ್ನೆಲ್ಲ ಬಿತ್ತದೆ, ತೂಬಿಗೆ ಸಮೀಪದ ನೆಲವನ್ನಷ್ಟೇ ಆರಿಸಿ, ದಾಮಾಷಾ ಪದ್ಧತಿಯಂತೆ ಪ್ರತಿಯೊಬ್ಬ ಹಿಡುವಳಿದಾರನಿಗೂ ಅವನ ಹಿಡುವಳಿಯ ಪ್ರಮಾಣಕ್ಕನುಗುಣವಾಗಿ ಅದರಲ್ಲಿ ಪಾಲು ಕೊಡುವ ಊರುಗಳಿದ್ದುವು. ಬರವನ್ನು ಒಬ್ಬನ ತಲೆಗೆ ಹೊರಿಸದೆ ಎಲ್ಲರೂ ಹಂಚಿಕೊಳ್ಳುವ ಈ ಏರ್ಪಾಡು ತಾಳಿಕೆಯ ಶಾಸ್ತ್ರಕ್ಕೆ ಕನ್ನಡನಾಡು ಕೊಡಬಲ್ಲ ಅತ್ಯುತ್ತಮ ಪಾಠಗಳಲ್ಲೊಂದು. ಕೆರೆಗಳು ಇಲಾಖೆಯ ಆಸ್ತಿಯಾಗಿ, ಕೊಳವೆಬಾವಿ ಪ್ರತಿಯೊಬ್ಬನಿಗೂ ತನ್ನದೇ ಗುಪ್ತ ಜಲನಿಧಿಯನ್ನು ಒದಗಿಸಿದ ಮೇಲೆ, ಹೂಳೆತ್ತುವ ಹೊಣೆ ಯಾರದೂ ಅಲ್ಲವಾಯಿತು. ಕೋಲಾರದಲ್ಲಿ ಸಾವಿರಾರು ಅಡಿ ಕೊರೆದರೂ ನೀರು ಸಿಗದ ಸ್ಥಿತಿ ಬಂದು, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯಜಲವನ್ನು ಅಲ್ಲಿನ ಕೆರೆಗಳಿಗೆ ಹರಿಸುವ ಯೋಜನೆ ಜಾರಿಗೆ ಬಂದಿದೆ. ಅಂತರ್ಜಲಕ್ಕೆ ಅದರಿಂದಾದ ಲಾಭವನ್ನೂ ನೀರಿನ ಗುಣಮಟ್ಟದ ಬಗೆಗಿನ ಆತಂಕವನ್ನೂ ಒಟ್ಟಿಗೆ ತೂಗಿ ನೋಡಬೇಕಾಗಿದೆ.

ಆದರೂ ಹಳೆಯ ಕೆರೆವ್ಯವಸ್ಥೆಯನ್ನು ಸ್ವರ್ಣಯುಗವೆಂದು ಕೊಂಡಾಡುವುದು ಸತ್ಯಕ್ಕೆ ಅಪಚಾರ. ತಮಿಳುನಾಡಿನ ಕೆರೆಗಳನ್ನು ಕುರಿತ ಡೇವಿಡ್ ಮಾಸ್ ಅವರ ಗ್ರಂಥವೂ, ಕರ್ನಾಟಕದ ಕೆರೆಗಳನ್ನು ಕುರಿತ ಈಶಾ ಷಾ ಅವರ ಗ್ರಂಥವೂ, 2003ರಲ್ಲಿ ಬೆಳಕು ಕಂಡು, ಆ ಸಾಮರಸ್ಯದ ಅಡಿಯಲ್ಲಿದ್ದ ಬಿಟ್ಟಿದುಡಿಮೆಯನ್ನೂ ಜಾತಿಯ ಕಟ್ಟನ್ನೂ ತೆರೆದು ತೋರಿದುವು. ಏರಿ ಕಟ್ಟಿದ ಕೈಗಳಿಗೆ ಅಚ್ಚುಕಟ್ಟಿನಲ್ಲಿ ನೆಲವಿರಲಿಲ್ಲ. ನೀರನ್ನು ಹಂಚುತ್ತಿದ್ದವನು ಎಷ್ಟೋ ಊರುಗಳಲ್ಲಿ ಆ ನೀರನ್ನು ಎಲ್ಲರೊಡನೆ ಸರಿಸಮನಾಗಿ ಮುಟ್ಟುವಂತಿರಲಿಲ್ಲ. ಗ್ರಾಮದ ವಂಶಪಾರಂಪರ್ಯದ ಅಧಿಕಾರಗಳನ್ನೂ ಊಳಿಗಗಳನ್ನೂ ರದ್ದುಪಡಿಸಿದ 1961ರ ಕಾಯಿದೆ ನ್ಯಾಯವಾದುದೇ. ಕೊರತೆಯಾದುದು ಆಮೇಲೆ: ಊಳಿಗ ಹೋದ ಜಾಗಕ್ಕೆ ಗೌರವವೂ ಸಂಬಳವೂ ಉಳ್ಳ ಹೊಸ ಕರ್ತವ್ಯವೊಂದನ್ನು ಕೆರೆಯ ಬಳಿ ನೆಲೆಗೊಳಿಸಬೇಕಾಗಿತ್ತು, ಅದನ್ನು ನಾವು ಮಾಡಲಿಲ್ಲ.

ಕಾಡಿನ ವಿಚಾರದಲ್ಲಿ ನಮ್ಮ ನಾಡಿನ ಎರಡು ಅಧ್ಯಯನಗಳು ಸಮೀಪದಿಂದ ನೋಡತಕ್ಕವು. 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಕ್ಷೀಣಿಸುತ್ತಿರುವುದೇಕೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು ತನಿಖೆಗೆ ತೊಡಗಿದರು. ಕಾಗದದ ಕಾರ್ಖಾನೆಗೆ ಬಿದಿರು ನಗಣ್ಯವಾದ ದರದಲ್ಲಿ ಸಿಗುತ್ತಿದ್ದುದು, ಬುಟ್ಟಿ ಹೆಣೆಯುವ ಮೇದಾರರು ಅದರ ಹಲವು ಪಾಲು ಬೆಲೆ ತೆರುತ್ತಿದ್ದುದು ಒಂದು ಕಡೆಯ ಅನ್ಯಾಯ. ಇನ್ನೊಂದು ಕಡೆ, ಬಿದಿರು ಚೆನ್ನಾಗಿ ಬೆಳೆಯಲೆಂಬ ಸದುದ್ದೇಶದಿಂದಲೇ ಮೆಳೆಯ ಬುಡದ ಮುಳ್ಳುಗಳನ್ನು ಸವರಿ ಶುಚಿಗೊಳಿಸುವ ಕ್ರಮ ಜಾರಿಯಲ್ಲಿತ್ತು. ಆ ಮುಳ್ಳಿನ ಹೊದಿಕೆಯೇ ಎಳೆಯ ಕಳಲೆಗೆ ರಕ್ಷಾಕವಚ. ಅದನ್ನು ಸವರಿದೊಡನೆ ದನಗಳೂ ಕಾಡುಪ್ರಾಣಿಗಳೂ ಕಳಲೆಯನ್ನು ಮೇದು ಮೆಳೆ ಸೊರಗುತ್ತಿತ್ತು. ಊರವರಿಗೆ ಇದು ತಿಳಿದ ವಿಷಯ. ಕಡತಗಳಿಗೆ ತಿಳಿಯದ ವಿಷಯ.

ಬಿಳಿಗಿರಿರಂಗನ ಬೆಟ್ಟದ ಕಥೆಯೂ ಇದೇ ಜಾಡಿನದು. ಅಲ್ಲಿನ ಮೂಲನಿವಾಸಿಗಳಾದ ಸೋಲಿಗರು ಬೇಸಗೆಯ ಮೊದಲಲ್ಲಿ, ಎಲೆ ಉದುರಿ ಇನ್ನೂ ನೆಲದಲ್ಲಿ ಸ್ವಲ್ಪ ಪಸೆಯಿರುವಾಗಲೇ, ತರಗು ಬೆಂಕಿಯನ್ನು ಹಾಕುತ್ತಿದ್ದರು. ಮೊಣಕಾಲೆತ್ತರ ಮೀರದ ಆ ಬೆಂಕಿ ತರಗೆಲೆಯನ್ನು ಸುಟ್ಟು ಮುಂದೆ ಸರಿಯುತ್ತಿತ್ತು, ದೊಡ್ಡ ಮರಗಳಿಗೆ ತಗಲುತ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯದ ಘೋಷಣೆಯಾಗಿ, ಅವರ ಬೇಸಾಯವೂ ಬೆಂಕಿಯೂ ನಿಷಿದ್ಧವಾಗಿ, ಅವರು ಪೋಡುಗಳೆಂಬ ಹಾಡಿಗಳಲ್ಲಿ ನೆಲೆನಿಂತರು. ಅನಂತರದ ದಶಕಗಳಲ್ಲಿ ಲಂಟಾನದ ಪೊದೆ ಕಾಡಿನ ಒಳನೆಲವನ್ನೆಲ್ಲ ಆವರಿಸುತ್ತ ಬಂದಿತು; ಅಶೋಕ ಪರಿಸರ ಸಂಶೋಧನಾ ಪ್ರತಿಷ್ಠಾನದ ವಿಜ್ಞಾನಿಗಳ ಅಳತೆಯಂತೆ 1997ಕ್ಕೂ 2008ಕ್ಕೂ ನಡುವೆ ಅದರ ವ್ಯಾಪ್ತಿ ಸುಮಾರು ಇಮ್ಮಡಿಯಾಯಿತು. ಚಿಕ್ಕ ಬೆಂಕಿ ನಿಂತುದರಿಂದಲೇ ಲಂಟಾನವೂ ನೆಲ್ಲಿಮರದ ಬಂದಳಿಕೆಯೂ ಹೆಚ್ಚಿದುವೆಂದೂ, ಈಗ ಬೆಂಕಿ ಬಿದ್ದರೆ ಲಂಟಾನದ ಪೊದೆಯೇರಿ ಮರದ ನೆತ್ತಿಗೆ ಮುಟ್ಟುವುದೆಂದೂ ಸೋಲಿಗ ಹಿರಿಯರು ಹೇಳುತ್ತ ಬಂದುದನ್ನು ಸಂಶೋಧಕರು ದಾಖಲಿಸಿ ಪರೀಕ್ಷೆಗೆ ಒಡ್ಡಿದ್ದಾರೆ. ಇಷ್ಟು ದಟ್ಟವಾದ ಲಂಟಾನದ ನಡುವೆ ಹಳೆಯ ತರಗು ಬೆಂಕಿಯನ್ನು ಇದ್ದಕ್ಕಿದ್ದಂತೆ ಮರಳಿ ತರುವುದೂ ಅಪಾಯಕಾರಿಯೇ. ಪೊದೆಯನ್ನು ಮೊದಲು ತೆಗೆದು, ಸಣ್ಣ ಸಣ್ಣ ತಾಣಗಳಲ್ಲಿ ಪ್ರಯೋಗ ಮಾಡಿ ನೋಡುತ್ತ ಕಲಿಯಬೇಕು. ಅರಣ್ಯಹಕ್ಕು ಕಾಯಿದೆಯ ಅನ್ವಯ 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಾಮುದಾಯಿಕ ಹಕ್ಕು ದೊರೆತುದು, ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶಕ್ಕೇ ಮೊದಲನೆಯದಾಗಿ, ಆ ಕಲಿಕೆಗೆ ಕಾನೂನಿನ ಬಾಗಿಲನ್ನು ತೆರೆದಿದೆ.

ಸ್ಥಳೀಯವಾದ ಈ ನಿದರ್ಶನಗಳನ್ನು ಭೂಮಂಡಲದ ಅಳತೆಗೆ ಏರಿಸುವ ಯತ್ನವೂ ನಡೆದಿದೆ. 2005ರಲ್ಲಿ ಮುಗಿದ ಸಹಸ್ರಮಾನದ ಪರಿಸರ ಮೌಲ್ಯಮಾಪನ, ಪ್ರಕೃತಿಯಿಂದ ಮನುಷ್ಯನಿಗೆ ಸಲ್ಲುವ 24 ಬಗೆಯ ಉಪಕಾರಗಳನ್ನು ಪರಿಶೀಲಿಸಿ ಅವುಗಳಲ್ಲಿ 15 ಕ್ಷೀಣಿಸುತ್ತಿವೆಯೆಂದು ಸಾರಿತು. 2009ರಲ್ಲಿ ಸ್ವೀಡನ್ನಿನ ಯೋಹಾನ್ ರಾಕ್‌ಸ್ಟ್ರೋಮ್ ಮತ್ತು ಸಂಗಡಿಗರು ಹವಾಮಾನ, ಜೀವವೈವಿಧ್ಯ, ಸಾರಜನಕ, ಸಿಹಿನೀರು ಮೊದಲಾದ ಒಂಬತ್ತು ಎಲ್ಲೆಗಳನ್ನು ಗುರುತಿಸಿದರು. 2023ರ ಪರಿಷ್ಕರಣೆಯಂತೆ ಅವುಗಳಲ್ಲಿ ಆರನ್ನು ಮಾನವಕುಲ ಆ ವೇಳೆಗೆ ಮೀರಿತ್ತು. 2019ರ ಜಾಗತಿಕ ಜೀವವೈವಿಧ್ಯ ವರದಿ ಸುಮಾರು 10 ಲಕ್ಷ ಜೀವಜಾತಿಗಳು ಅಳಿವಿನ ಭೀತಿಯಲ್ಲಿವೆಯೆಂದು ಹೇಳಿದುದರ ಜೊತೆಗೆ, ಮೂಲನಿವಾಸಿ ಸಮುದಾಯಗಳು ನೋಡಿಕೊಳ್ಳುವ ನೆಲದಲ್ಲಿ ಈ ಕ್ಷಯ ಸಾಮಾನ್ಯವಾಗಿ ನಿಧಾನವೆಂಬುದನ್ನೂ ಎತ್ತಿ ತೋರಿಸಿತು.

ಈ ಶಾಸ್ತ್ರದ ಮೇಲಿನ ಆಕ್ಷೇಪಗಳಲ್ಲಿ ಎರಡು ಗುರುತರವಾದುವು. ತಾಳಿಕೆ ತನಗೆ ತಾನೇ ಒಳ್ಳೆಯದಲ್ಲ: ಪಾಚಿಗಟ್ಟಿದ ಸರೋವರವೂ ಬಲವಾಗಿ ತಾಳುತ್ತದೆ, ಬಡತನವೂ ಜಾತಿಭೇದವೂ ಶತಮಾನಗಳ ಆಘಾತಗಳನ್ನು ತಾಳಿಕೊಂಡೇ ಬಂದಿವೆ. ಎರಡನೆಯದಾಗಿ, ಆಪತ್ತನ್ನು ತಂದೊಡ್ಡಿದವರನ್ನು ಕೇಳದೆ, ಅದನ್ನು ಅನುಭವಿಸುವ ಬಡವರಿಗೆ ತಾಳಿಕೊಳ್ಳಿರೆಂದು ಉಪದೇಶಿಸುವ ಸಾಧನವಾಗಿ ಈ ವಿಚಾರ ಆಡಳಿತಗಾರರ ಕೈಯಲ್ಲಿ ಬಳಕೆಯಾಗುವ ಅಪಾಯವುಂಟು. ಎರಡೂ ಆಕ್ಷೇಪಗಳು ಸತ್ಯವಾದುವು. ಆದಕಾರಣ ಯಾವುದು ತಾಳಬೇಕು, ಯಾರ ಹಿತಕ್ಕಾಗಿ, ಯಾರ ದುಡಿಮೆಯಿಂದ ಎಂಬ ಪ್ರಶ್ನೆಗಳನ್ನು ಪ್ರತಿಯೊಂದು ಅಧ್ಯಯನವೂ ಮೊದಲಲ್ಲಿಯೇ ಕೇಳಿಕೊಳ್ಳಬೇಕಾಗಿದೆ. ಸುಸ್ಥಿರತೆಯ ಧರ್ಮಪ್ರಶ್ನೆಯನ್ನು ತಾಳಿಕೆಯ ವಸ್ತುಪ್ರಶ್ನೆಯಿಂದ ಬೇರ್ಪಡಿಸಲಾಗದೆಂಬುದು ಇಲ್ಲಿಯೇ ಖಚಿತವಾಗುತ್ತದೆ.

ಕೆನಡಾದ ಅರಣ್ಯ, ನೇಪಾಳದ ಕಾಲುವೆ, ಉತ್ತರ ಕನ್ನಡದ ಬಿದಿರು, ಸೋಲಿಗರ ಬೆಟ್ಟ, ಈ ನಾಲ್ಕರಲ್ಲಿಯೂ ಹಾನಿ ಬಂದುದು ದುರುದ್ದೇಶದಿಂದ ಮಾತ್ರವಲ್ಲ. ಬಹುಪಾಲು, ಅನಿಶ್ಚಿತವಾದುದನ್ನು ನಿಶ್ಚಿತಗೊಳಿಸಬೇಕೆಂಬ ದೂರದ ಆಡಳಿತದ ಹಂಬಲದಿಂದ. ಸಣ್ಣ ಏರುಪೇರುಗಳನ್ನು ಅಡಗಿಸಿದಾಗ, ಆ ಏರುಪೇರುಗಳನ್ನು ಓದಿ ತಿದ್ದಿಕೊಳ್ಳುತ್ತಿದ್ದ ಜನರ ಕೈಯೂ ಕಟ್ಟಿಹೋಯಿತು. ಆದ್ದರಿಂದ ಮುಂದಿನ ಸಂಶೋಧನೆಗೆ ಎರಡು ಬದಲಾವಣೆಗಳು ಅತ್ಯಗತ್ಯ. ಎರಡು ಮೂರು ವರ್ಷಗಳ ಯೋಜನೆಗಳಿಗೆ ಬದಲಾಗಿ, ಒಂದೇ ಕಾಡನ್ನು, ಒಂದೇ ಕೆರೆಯನ್ನು ದಶಕಗಳ ಕಾಲ ಬಿಡದೆ ಗಮನಿಸುವ ಅಧ್ಯಯನಗಳಿಗೆ ವಿಶ್ವವಿದ್ಯಾಲಯಗಳೂ ಸರ್ಕಾರವೂ ಆಶ್ರಯವೀಯಬೇಕು. ಮತ್ತು ಆ ಅಧ್ಯಯನಗಳಲ್ಲಿ ಸ್ಥಳದ ಜನ ಮಾಹಿತಿ ಕೊಡುವವರಾಗಿ ನಿಲ್ಲದೆ, ಪ್ರಶ್ನೆಯನ್ನು ರೂಪಿಸುವವರೂ ಫಲಿತಾಂಶವನ್ನು ಪರೀಕ್ಷಿಸುವವರೂ ಆಗಬೇಕು. ಸಂಶೋಧನೆ ಎಷ್ಟೇ ಸೂಕ್ಷ್ಮವಾಗಲಿ, ತಪ್ಪನ್ನು ಮೊದಲು ಕಾಣುವವನು ಗದ್ದೆಯಲ್ಲಿಯೂ ಕಾಡಿನಲ್ಲಿಯೂ ಇರುವವನೇ. ತೀರ್ಮಾನದ ಫಲವನ್ನು ಮೊದಲು ಉಣ್ಣುವವರ ಕೈಗೆ ಆ ತೀರ್ಮಾನವನ್ನು ತಿದ್ದುವ ಅಧಿಕಾರ ಎಷ್ಟರಮಟ್ಟಿಗೆ ಬರುವುದೋ, ಅಷ್ಟರಮಟ್ಟಿಗೆ ಮಾತ್ರ ನಮ್ಮ ನೆಲವೂ ನಮ್ಮ ಬಾಳೂ ಮುಂದಿನ ಆಘಾತಗಳನ್ನು ತಾಳಬಲ್ಲವು.